ಮನೆ ಕಾರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು: ದಾವಣಗೆರೆ, ಚಿತ್ರದುರ್ಗದ ಬಿಸಿಲಿಗೂ ರಸ್ತೆಗೂ ತಕ್ಕ ಉತ್ತರಗಳು

ನಾನು ದಾವಣಗೆರೆಯಲ್ಲಿ ಶಾಲೆ ಟೀಚರ್. ತವರು ಚಳ್ಳಕೆರೆ ಕಡೆ. ಹದಿನಾಲ್ಕು ವರ್ಷದಿಂದ ನಮ್ಮ ಮನೆ ಕಾರು ಓಡಿಸುವವಳೂ ನಾನೇ, ನೋಡಿಕೊಳ್ಳುವವಳೂ ನಾನೇ. ತಿಂಗಳಿಗೆ ಎರಡು ಸಲವಾದರೂ ಚಿತ್ರದುರ್ಗದ ಮೇಲೆ ಹಾದು ಊರಿಗೆ ಹೋಗಿ ಬರುತ್ತೇನೆ. ನಾನು ಮೆಕ್ಯಾನಿಕ್ ಅಲ್ಲ. ಆದರೆ ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯಲ್ಲಿ, ಫೋನಿನಲ್ಲಿ ಜನ ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕಾರಿನ ಪುಸ್ತಕದಲ್ಲಿ ಬರೆದದ್ದು ಎಲ್ಲ ಊರಿಗೂ ಸೇರಿಸಿ ಬರೆದದ್ದು. ನಮ್ಮ ಕಡೆ ಬಿಸಿಲು ಜಾಸ್ತಿ, ಧೂಳು ಜಾಸ್ತಿ, ಬೋರ್ ನೀರು ಗಡುಸು, ರಸ್ತೆ ಮೇಲೆ ಒಕ್ಕಣೆ. ಅದನ್ನೆಲ್ಲ ಮನಸ್ಸಿನಲ್ಲಿಟ್ಟು ಉತ್ತರ ಬರೆದಿದ್ದೇನೆ.

ಹೊಸ ಕಾರು ತಂದಿದ್ದೇವೆ. ಮೊದಲು ಏನು ಮಾಡಬೇಕು?

ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಇರುವ ಪುಸ್ತಕ ತೆಗೆದು ಓದಿ. ಬಹಳ ಜನ ಅದರ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರುವುದಿಲ್ಲ. ಪೂರ್ತಿ ಓದಲು ಆಗದಿದ್ದರೆ ಮೂರು ಕಡೆ ಓದಿ ಸಾಕು: ಎಚ್ಚರಿಕೆ ದೀಪಗಳ ಪುಟ, ಸರ್ವಿಸ್ ಪಟ್ಟಿ, ಸ್ಟೆಪ್ನಿ ಬದಲಿಸುವ ಪುಟ.

ದೀಪಗಳ ಬಣ್ಣಕ್ಕೂ ಅರ್ಥ ಇದೆ. ಹಳದಿ ದೀಪ ಬಂದರೆ "ಬೇಗ ತೋರಿಸಿ" ಅಂತ. ಕೆಂಪು ದೀಪ ಬಂದರೆ "ಈಗಲೇ ನಿಲ್ಲಿಸಿ" ಅಂತ. ಎಣ್ಣೆ ಗಿಂಡಿಯ ಚಿತ್ರ ಕೆಂಪಾಗಿ ಹೊತ್ತಿಕೊಂಡರೆ ಎಂಜಿನ್ ಒಳಗೆ ಆಯಿಲ್ ಒತ್ತಡ ಬಿದ್ದಿದೆ. ಆಗ "ಮುಂದಿನ ಊರಿನವರೆಗೆ ಹೋಗಿಬಿಡೋಣ" ಅಂದುಕೊಂಡರೆ ಎಂಜಿನ್ ಹಿಡಿದುಕೊಳ್ಳುತ್ತದೆ. ಸಾವಿರದಲ್ಲಿ ಮುಗಿಯುವ ಕೆಲಸ ಲಕ್ಷಕ್ಕೆ ಹೋಗುತ್ತದೆ.

ಮೊದಲ ಸಾವಿರ ಕಿಲೋಮೀಟರ್ ಒಂದೇ ವೇಗದಲ್ಲಿ ಎಳೆಯಬೇಡಿ, ಜೋರಾಗಿ ಎಕ್ಸಲೇಟರ್ ತುಳಿಯಬೇಡಿ. ಅಷ್ಟೇ.

ಏಪ್ರಿಲ್, ಮೇ ತಿಂಗಳಲ್ಲಿ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ರೇಡಿಯೇಟರಿಗೆ ನೀರು ಹಾಕಿಕೊಂಡು ಓಡಿಸಬಹುದಾ?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ. ನಾನೇ ಅನುಭವಿಸಿದ್ದೇನೆ.

ನಮ್ಮ ಮೊದಲ ಕಾರಿನಲ್ಲಿ ಕೂಲೆಂಟ್ ಕಡಿಮೆ ಆದಾಗಲೆಲ್ಲ ಮನೆಯ ಬೋರ್ ನೀರನ್ನೇ ಬಾಟಲಿಯಲ್ಲಿ ತಂದು ಹಾಕುತ್ತಿದ್ದೆವು. ಆಗ ಒಂದು ಗ್ಯಾರೇಜಿನವರೂ "ನೀರು ನೀರೇ ಅಲ್ವಾ ಮೇಡಂ" ಅಂದಿದ್ದರು. ಮೂರನೇ ಬೇಸಿಗೆಗೆ ಹಿರಿಯೂರು ದಾಟುವ ಹೊತ್ತಿಗೆ ಬಾನೆಟ್‌ನಿಂದ ಆವಿ ಬಂತು. ರೇಡಿಯೇಟರ್ ಬಿಚ್ಚಿಸಿ ನೋಡಿದರೆ ಒಳಗಿನ ಕೊಳವೆಗಳಿಗೆ ಬಿಳಿ ಕಟ್ಟಿತ್ತು. ನಮ್ಮ ಮನೆಯ ಗೀಸರ್ ಕಾಯಿಲ್ ಮೇಲೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ ಬಿಳಿ. ಗಡುಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾವಿಗೆ ಬೇರೆಯಾಗಿ ಅಂಟಿಕೊಳ್ಳುತ್ತವೆ. ಕೊಳವೆ ಸಣ್ಣದಾಗುತ್ತಾ ಹೋಗುತ್ತದೆ. ಸುಮಾರು ದಿನ ಗೊತ್ತೇ ಆಗುವುದಿಲ್ಲ. ಬಿಸಿಲು ನಲವತ್ತರ ಹತ್ತಿರ ಬಂದ ದಿನ ಗೊತ್ತಾಗುತ್ತದೆ.

ಕೂಲೆಂಟ್ ಅಂದರೆ ಬಣ್ಣದ ನೀರಲ್ಲ. ಅದರಲ್ಲಿ ಗ್ಲೈಕಾಲ್ ಇರುತ್ತದೆ, ತುಕ್ಕು ಹಿಡಿಯದಂತೆ ತಡೆಯುವ ಔಷಧಿ ಇರುತ್ತದೆ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಕೂಲೆಂಟ್ ಸೇರಿದ ನೀರು, ಮೇಲೆ ಮುಚ್ಚಳದ ಒತ್ತಡವೂ ಇದ್ದಾಗ, ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಲ್ಲೂ ಕುದಿಯುವುದಿಲ್ಲ. ನಿಮ್ಮ ಕಾರಿನ ಕಂಪನಿ ಹೇಳಿದ ಕೂಲೆಂಟನ್ನೇ ಹಾಕಿ. ಬೆರೆಸುವ ಬಗೆಯದಾದರೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ಸಾಮಾನ್ಯವಾಗಿ ಅರ್ಧಕ್ಕರ್ಧ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ನೀರೇ ಅದು. ಹಸಿರು, ಕೆಂಪು, ನೀಲಿ ಅಂತ ಬೇರೆ ಬೇರೆ ಬಗೆ ಒಟ್ಟಿಗೆ ಸುರಿಯಬೇಡಿ.

ದಾರಿಯಲ್ಲಿ ಮುಳ್ಳು ಮೇಲೇರಿತು ಅಂತಿಟ್ಟುಕೊಳ್ಳಿ. ಮೊದಲು ಎಸಿ ಆಫ್ ಮಾಡಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಕಿಟಕಿ ಇಳಿಸಿ. ಸೆಖೆ ಆಗುತ್ತದೆ, ಆದರೆ ಎಂಜಿನ್ನಿನ ಬಿಸಿ ಸ್ವಲ್ಪ ಒಳಗೆ ಬಂದು ಹೊರಹೋಗುತ್ತದೆ. ಎಡಕ್ಕೆ ತೆಗೆದು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕನಿಷ್ಠ ಅರ್ಧ ಗಂಟೆ ಕಾಯಿರಿ. ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಕುಕ್ಕರ್ ಸೀಟಿ ಇಳಿಯುವ ಮೊದಲು ಮುಚ್ಚಳ ತೆಗೆದಂತೆ, ಕುದಿಯುವ ನೀರು ಮುಖಕ್ಕೇ ಹಾರುತ್ತದೆ. ಆರಿದ ಮೇಲೆ ನೋಡಿ. ಬೇರೆ ದಾರಿಯೇ ಇಲ್ಲದಿದ್ದರೆ ಆಗ ಕುಡಿಯುವ ಬಾಟಲಿ ನೀರು ಹಾಕಿ ಗ್ಯಾರೇಜ್ ಮುಟ್ಟಬಹುದು. ಮುಟ್ಟಿದ ಮೇಲೆ ಪೂರ್ತಿ ಚೆಲ್ಲಿಸಿ ಹೊಸದು ಹಾಕಿಸಿ. ಎಲ್ಲಿ ಸೋರಿತು ಅಂತಲೂ ಹುಡುಕಿಸಿ. ಕೂಲೆಂಟ್ ಸುಮ್ನೆ ಕಡಿಮೆ ಆಗುವುದಿಲ್ಲ.

ಇನ್ನೊಂದು ಮಾತು. ಚೆಲ್ಲಿದ ಕೂಲೆಂಟ್ ಅಂಗಳದಲ್ಲಿ ಬಿಡಬೇಡಿ. ಅದು ಸಿಹಿ ಇರುತ್ತದೆ, ನಾಯಿ ನೆಕ್ಕುತ್ತದೆ. ಅದು ವಿಷ.

ಟೈರಿಗೆ ಎಷ್ಟು ಗಾಳಿ ಹಿಡಿಸಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಯಾರನ್ನೂ ಕೇಳಬೇಡಿ. ಡ್ರೈವರ್ ಬಾಗಿಲು ತೆಗೆದು ಕಂಬದ ಮೇಲೆ ನೋಡಿ. ಅಲ್ಲಿ ಸ್ಟಿಕ್ಕರ್ ಇರುತ್ತದೆ. ಕೆಲವು ಕಾರಿನಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ ಇರುತ್ತದೆ. ಇಬ್ಬರು ಕೂತಾಗ ಎಷ್ಟು, ಕಾರು ತುಂಬಿದಾಗ ಎಷ್ಟು ಅಂತ ಬೇರೆ ಬೇರೆ ಬರೆದಿರುತ್ತಾರೆ. ಸಣ್ಣ ಕಾರುಗಳಿಗೆ ಹೆಚ್ಚಾಗಿ 30ರಿಂದ 35 ಪಿಎಸ್ಐ (ಗಾಳಿ ಒತ್ತಡದ ಅಳತೆ) ನಡುವೆ ಇರುತ್ತದೆ. ಟೈರಿನ ಮೇಲೇ ಬರೆದಿರುವ ದೊಡ್ಡ ಸಂಖ್ಯೆ ಬೇರೆ. ಅದು ಆ ಟೈರು ತಡೆಯುವ ಕೊನೆಯ ಮಿತಿ. ಅಷ್ಟು ಹಿಡಿಸಬಾರದು.

ಗಾಳಿ ನೋಡಬೇಕಾದ್ದು ಟೈರು ತಣ್ಣಗಿದ್ದಾಗ. ಬೆಂಗಳೂರಿನಿಂದ 260 ಕಿಲೋಮೀಟರ್ ಓಡಿಸಿಕೊಂಡು ಬಂದು ಊರಿನ ಬಂಕಿನಲ್ಲಿ ನೋಡಿದರೆ ನಾಲ್ಕೈದು ಪಾಯಿಂಟ್ ಜಾಸ್ತಿ ತೋರಿಸುತ್ತದೆ. "ಜಾಸ್ತಿ ಇದೆ" ಅಂತ ಬಿಡಿಸಿದರೆ ಬೆಳಿಗ್ಗೆ ಕಡಿಮೆ ಆಗಿರುತ್ತದೆ. ಗಾಳಿ ಕಡಿಮೆಯಾದ ಟೈರು ಹೈವೇಯಲ್ಲಿ ಒಡೆಯುವುದು ಜಾಸ್ತಿ. ಟೈರಿನ ಪಕ್ಕದ ಗೋಡೆ ಮಡಚಿ ಮಡಚಿ ಕಾಯುತ್ತದೆ, ಕಾದ ರಬ್ಬರ್ ಬಿಡಿಸಿಕೊಳ್ಳುತ್ತದೆ. "ಬೇಸಿಗೆಯಲ್ಲಿ ಗಾಳಿ ಕಡಿಮೆ ಇರಲಿ" ಅನ್ನುವ ಮಾತು ನಮ್ಮ ಕಡೆ ಬಹಳ ಕೇಳುತ್ತೇನೆ. ದಯವಿಟ್ಟು ನಂಬಬೇಡಿ.

ಹದಿನೈದು ದಿನಕ್ಕೊಮ್ಮೆ ಐದೂ ಟೈರು ನೋಡಿಸಿ. ಐದು ಅಂದೆ, ನಾಲ್ಕಲ್ಲ. ಸ್ಟೆಪ್ನಿಯಲ್ಲಿ ಗಾಳಿ ಇಲ್ಲ ಅಂತ ಗೊತ್ತಾಗುವುದು ಯಾವಾಗಲೂ ರಾತ್ರಿಯೇ. ನೈಟ್ರೋಜನ್ ಹಿಡಿಸಿದರೆ ತಪ್ಪಿಲ್ಲ, ಹಿಡಿಸದಿದ್ದರೆ ನಷ್ಟವೂ ಇಲ್ಲ. ಸಾದಾ ಗಾಳಿಯಲ್ಲೇ ನೈಟ್ರೋಜನ್ ನೂರಕ್ಕೆ ಸುಮಾರು 78 ಪಾಲು ಇದೆ.

ಟೈರಿನ ವಯಸ್ಸೂ ನೋಡಿ. ಪಕ್ಕದಲ್ಲಿ ಒಂದು ಉದ್ದ ಗುಳಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2322 ಅಂದರೆ 2022ನೇ ಇಸವಿಯ 23ನೇ ವಾರ ತಯಾರಾದದ್ದು. ಕಡಿಮೆ ಓಡುವ ಮನೆ ಕಾರಿನಲ್ಲಿ ಟೈರು ಸವೆಯುವ ಮೊದಲೇ ಮುಪ್ಪಾಗುತ್ತದೆ. ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ಟೈರಿನವರಿಗೆ ತೋರಿಸಿ. ಬಿರುಕು ಬಿಟ್ಟಿದ್ದರೆ, ಉಬ್ಬು ಬಂದಿದ್ದರೆ ಹಲ್ಲು ಎಷ್ಟೇ ಇರಲಿ ಬದಲಿಸಿ. ಹಲ್ಲು 1.6 ಮಿಲಿಮೀಟರಿಗೆ ಬಂದರೆ ಆ ಟೈರು ಮುಗಿಯಿತು. ಟೈರಿನ ಗೀರುಗಳ ಒಳಗೇ ಆ ಎತ್ತರಕ್ಕೆ ಸಣ್ಣ ದಿಬ್ಬ ಮಾಡಿಟ್ಟಿರುತ್ತಾರೆ.

ಚಿತ್ರದುರ್ಗ, ಚಳ್ಳಕೆರೆ ಕಡೆಯವರಿಗೆ ಜಾಲಿ ಮುಳ್ಳಿನ ಕಾಟ ಹೇಳಬೇಕಿಲ್ಲ. ಟ್ಯೂಬ್‌ಲೆಸ್ ಟೈರಿನಲ್ಲಿ ಮುಳ್ಳು ಹೊಕ್ಕಿದ್ದು ಕಂಡರೆ ಅಲ್ಲೇ ಕೀಳಬೇಡಿ. ಗಾಳಿ ನೋಡಿ, ಪಂಕ್ಚರ್ ಅಂಗಡಿವರೆಗೆ ಹೋಗಿ ಅಲ್ಲಿ ಕೀಳಿಸಿ.

ರಸ್ತೆ ಮೇಲೆ ಹುರುಳಿ, ರಾಗಿ ಹಾಸಿರುತ್ತಾರೆ. ಅದರ ಮೇಲೆ ಕಾರು ಓಡಿಸಿದರೆ ಏನಾಗುತ್ತದೆ?

ಎಲ್ಲಕ್ಕಿಂತ ಹೆಚ್ಚು ಕಾಳಜಿಯಿಂದ ಬರೆಯುವ ಉತ್ತರ ಇದು. ಕಾರಿಗೆ ಬೆಂಕಿ ಹತ್ತಬಹುದು.

ಸುಗ್ಗಿ ಬಂದರೆ ನಮ್ಮ ಎರಡೂ ಜಿಲ್ಲೆಯ ಒಳರಸ್ತೆಗಳೇ ಕಣ. ಮೆಕ್ಕೆಜೋಳ ಒಣಗಿಸುತ್ತಾರೆ. ಅದು ಜಾರುತ್ತದೆ, ಬ್ರೇಕ್ ಹಿಡಿಯುವುದಿಲ್ಲ, ಆದರೆ ಸುತ್ತಿಕೊಳ್ಳುವುದಿಲ್ಲ. ಹುರುಳಿ ಹಾಗಲ್ಲ. ಅದರ ಬಳ್ಳಿ ಉದ್ದ, ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಮುಂದಿನ ಚಕ್ರವನ್ನು ತಿರುಗಿಸುವ ಶಾಫ್ಟ್ ಇರುತ್ತದಲ್ಲ, ಅದು ಆ ಬಳ್ಳಿಯನ್ನು ರಾಟೆಗೆ ನೂಲು ಸುತ್ತಿದಂತೆ ಎಳೆದು ಸುತ್ತಿಕೊಳ್ಳುತ್ತದೆ. ಪಕ್ಕದಲ್ಲೇ ಸೈಲೆನ್ಸರ್ ಪೈಪು, ಹೊಗೆ ಶುದ್ಧ ಮಾಡುವ ಡಬ್ಬ. ಓಡುತ್ತಿರುವಾಗ ಅವು ನೂರಾರು ಡಿಗ್ರಿ ಕಾದಿರುತ್ತವೆ. ಒಣಗಿದ ಹೊಟ್ಟಿಗೆ ಅಷ್ಟು ಸಾಕು. ಮೇಲೆ ಕೂತವರಿಗೆ ಹೊಗೆ ಕಾಣುವ ಹೊತ್ತಿಗೆ ಕೆಳಗೆ ಹೊತ್ತಿ ಆಗಿರುತ್ತದೆ.

ಒಮ್ಮೆ ಊರಿನಿಂದ ವಾಪಸ್ ಬರುವಾಗ ಕಾರೊಳಗೆ ಹುಲ್ಲು ಸುಟ್ಟ ವಾಸನೆ ಬಂತು. ಪಕ್ಕದ ಹೊಲದಲ್ಲಿ ಯಾರೋ ಕಸ ಸುಡುತ್ತಿರಬೇಕು ಅಂದುಕೊಂಡೆ. ಹಿಂದೆ ಕೂತಿದ್ದ ಅಪ್ಪ "ನಿಲ್ಸವ್ವ, ಗಾಡೀದೇ ವಾಸನೆ" ಅಂದರು. ಇಳಿದು ಬಗ್ಗಿ ನೋಡಿದರೆ ಎಡಗಡೆ ಚಕ್ರದ ಒಳಗೆ ಹಗ್ಗದ ಸುತ್ತಿನಷ್ಟು ದಪ್ಪ ಹುರುಳಿ ಹೊಟ್ಟು, ತುದಿ ಕಪ್ಪಾಗಿತ್ತು. ಇನ್ನು ಎರಡು ಕಿಲೋಮೀಟರ್ ಹೋಗಿದ್ದರೆ ಏನಾಗುತ್ತಿತ್ತೋ. ಅವತ್ತಿನಿಂದ ನನ್ನ ಕಾರಿನಲ್ಲಿ ಒಂದು ಕೊಕ್ಕೆ ಕೋಲು, ಒಂದು ಟಾರ್ಚು ಖಾಯಂ.

ಸಾಧ್ಯವಾದರೆ ಹಾಸಿಲ್ಲದ ಪಕ್ಕದಲ್ಲಿ, ಎದುರಿನ ವಾಹನ ನೋಡಿಕೊಂಡು ಹೋಗಿ. ರಸ್ತೆ ಪೂರ್ತಿ ಹಾಸಿದ್ದರೆ ನಿಲ್ಲಿಸಿ, ಇಳಿದು ಕೇಳಿ. "ಸ್ವಲ್ಪ ಸರಿಸಿ ಕೊಡಿ ಯಜಮಾನ್ರೇ, ಗಾಡಿಗೆ ಸುತ್ತುತ್ತೆ" ಅಂದರೆ ಸರಿಸಿ ಕೊಡುತ್ತಾರೆ. ಕಣ ಮಾಡಲು ಜಾಗ ಇಲ್ಲದವರ ಕಷ್ಟ ನನಗೂ ಗೊತ್ತು, ನಮ್ಮ ಮನೆಯೂ ರೈತರದೇ. ಆದರೂ ರಸ್ತೆ ಕಣವಲ್ಲ. ಬೈಕಿನವರು ಜಾರಿ ಬೀಳುತ್ತಾರೆ. ಊರಿನಲ್ಲಿ ನಾನು ಇದನ್ನು ಹೇಳುತ್ತಲೇ ಇರುತ್ತೇನೆ.

ದಾಟಲೇಬೇಕಾಗಿ ಬಂದರೆ ನಿಧಾನ ದಾಟಿ, ಹೊಟ್ಟಿನ ಮೇಲೆ ಮಾತ್ರ ನಿಲ್ಲಿಸಬೇಡಿ. ದಾಟಿ ಸ್ವಲ್ಪ ದೂರ ಬರಿ ಟಾರು ಇರುವಲ್ಲಿ ನಿಲ್ಲಿಸಿ. ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಎರಡೂ ಮುಂದಿನ ಚಕ್ರದ ಒಳಗೆ ಟಾರ್ಚ್ ಹಾಕಿ ನೋಡಿ. ಸುತ್ತಿದ್ದರೆ ಕೋಲಿನಿಂದ ಎಳೆಯಿರಿ. ಕೈ ಹಾಕಬೇಡಿ, ಪೈಪು ಸುಡುತ್ತದೆ. ಹೊಗೆ ಬರುತ್ತಿದ್ದರೆ ಎಲ್ಲರನ್ನೂ ಇಳಿಸಿ ದೂರ ಕಳಿಸಿ, ಸಾಮಾನು ತೆಗೆಯಲು ಹೋಗಬೇಡಿ, 112ಕ್ಕೆ ಫೋನ್ ಮಾಡಿ. ಬಾನೆಟ್ ಪೂರ್ತಿ ಎತ್ತಿದರೆ ಗಾಳಿ ಸಿಕ್ಕಿ ಬೆಂಕಿ ಜೋರಾಗುತ್ತದೆ.

ಇದೇ ಕಾರಣಕ್ಕೆ ಜಾತ್ರೆಗೆ, ತೋಟಕ್ಕೆ ಹೋದಾಗ ಒಣ ಹುಲ್ಲಿನ ಮೇಲೆ ಕಾರು ನಿಲ್ಲಿಸಬೇಡಿ.

ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರೂ ಓಡುವುದಿಲ್ಲ. ಆದರೂ ಸರ್ವಿಸ್ ಮಾಡಿಸಬೇಕಾ?

ಮಾಡಿಸಬೇಕು. ಹೆಚ್ಚಿನ ಪೆಟ್ರೋಲ್ ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಆಯಿಲ್ ನಿಂತಲ್ಲೇ ಕೆಡುತ್ತದೆ. ಮನೆಯಿಂದ ಮಾರ್ಕೆಟ್, ಮಾರ್ಕೆಟ್‌ನಿಂದ ಮನೆ ಅಂತ ಎರಡೆರಡು ಕಿಲೋಮೀಟರ್ ಓಡಿಸುವ ಕಾರಿನಲ್ಲಿ ಇನ್ನೂ ಬೇಗ. ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಆಫ್ ಆಗುತ್ತದೆ. ಒಳಗೆ ಸೇರಿದ ನೀರಿನ ಪಸೆ, ಪೆಟ್ರೋಲ್ ಹನಿ ಆವಿಯಾಗದೆ ಆಯಿಲ್‌ನಲ್ಲೇ ಉಳಿಯುತ್ತವೆ.

ಆಯಿಲ್ ಮಟ್ಟ ನೀವೇ ನೋಡಬಹುದು. ಸಮ ನೆಲದಲ್ಲಿ ನಿಲ್ಲಿಸಿ, ಆಫ್ ಮಾಡಿ ಹತ್ತು ನಿಮಿಷ ಬಿಡಿ. ಕಡ್ಡಿ ಎಳೆದು ಒರೆಸಿ, ಮತ್ತೆ ಪೂರ್ತಿ ಒಳಗಿಟ್ಟು ತೆಗೆಯಿರಿ. ಎರಡು ಗುರುತಿನ ನಡುವೆ ಇದ್ದರೆ ಸರಿ. ಆಯಿಲ್ ಕಪ್ಪಗಿದ್ದರೆ ಗಾಬರಿ ಬೇಡ, ಕೊಳೆ ಎತ್ತಿಕೊಳ್ಳುವುದೇ ಅದರ ಕೆಲಸ. ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ಬಂದಿದ್ದರೆ ಮಾತ್ರ ಓಡಿಸಬೇಡಿ. ಆಯಿಲ್‌ಗೆ ಕೂಲೆಂಟ್ ಸೇರಿರಬಹುದು.

ಏರ್ ಫಿಲ್ಟರ್ ವಿಷಯದಲ್ಲಿ ಪುಸ್ತಕಕ್ಕಿಂತ ಬೇಗ ನೋಡಿ. ಧೂಳಿನ ರಸ್ತೆಗೆ ಬೇರೆ ಲೆಕ್ಕ ಅಂತ ಪುಸ್ತಕದಲ್ಲೇ ಬರೆದಿರುತ್ತದೆ. ನಾನು ಪ್ರತಿ 5,000ಕ್ಕೆ ಬಿಚ್ಚಿ ನೋಡುತ್ತೇನೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದು ಗಾಳಿಯಲ್ಲಿನ ತೇವ ಹೀರುತ್ತದೆ. ತೇವ ಹೀರಿದ ಆಯಿಲ್ ದೊಡ್ಡ ಇಳಿಜಾರಿನಲ್ಲಿ ಕುದ್ದು, ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ. ಬಯಲುಸೀಮೆಯಲ್ಲಿ ಗೊತ್ತಾಗದು. ಮಕ್ಕಳನ್ನು ಕರೆದುಕೊಂಡು ಆಗುಂಬೆ ಘಾಟಿ ಇಳಿಯುವಾಗ ಗೊತ್ತಾಗುತ್ತದೆ.

ಶೋರೂಮಿನಲ್ಲೇ ಮಾಡಿಸಬೇಕಾ, ಹೊರಗಿನ ಗ್ಯಾರೇಜ್ ಸಾಕಾ?

ವಾರಂಟಿ ಇರುವವರೆಗೆ ಶೋರೂಮ್. ಆಮೇಲೆ ನಂಬಿಕೆಯ ಮೇಸ್ತ್ರಿ ಸಿಕ್ಕರೆ ಹೊರಗೆ. ಎಲ್ಲಿಯಾದರೂ ಸರಿ, ಬದಲಿಸಿದ ಹಳೇ ಪಾರ್ಟು ಕೇಳಿ ನೋಡಿ, ಬಿಲ್ ಇಟ್ಟುಕೊಳ್ಳಿ. ಎಂಜಿನ್ ಫ್ಲಶ್, ಕೋಟಿಂಗ್ ಅಂತ ಪಟ್ಟಿ ಓದಿದರೆ "ಪುಸ್ತಕದಲ್ಲಿ ಎಲ್ಲಿದೆ ತೋರಿಸಿ" ಅಂತ ಕೇಳಿ. ಜಗಳ ಬೇಕಿಲ್ಲ, ಕೇಳಿದರೆ ಸಾಕು.

ಎಸಿ ತಂಪು ಕೊಡುತ್ತಿಲ್ಲ. ಗ್ಯಾಸ್ ಹಾಕಿಸಲಾ?

ಮೊದಲು ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಬಹಳ ಕಾರಿನಲ್ಲಿ ಅದು ಡ್ಯಾಶ್‌ಬೋರ್ಡಿನ ಡಬ್ಬದ ಹಿಂದೆ ಇರುತ್ತದೆ, ಕೈಯಲ್ಲೇ ಬರುತ್ತದೆ. ನಮ್ಮ ಧೂಳಿಗೆ ಅದು ಕಂಬಳಿಯಂತೆ ಆಗಿರುತ್ತದೆ. ಗಾಳಿ ಚೆನ್ನಾಗಿ ಬರುತ್ತಿದೆ, ಆದರೆ ತಂಪಿಲ್ಲ ಅಂದರೆ ಆಗ ಗ್ಯಾಸ್ ನೋಡಿಸಿ. ಗ್ಯಾಸ್ ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರಿಕೆ ಹುಡುಕದೆ ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ದುಡ್ಡು.

ಬಿಸಿಲಿನಲ್ಲಿ ನಿಂತ ಕಾರು ಹತ್ತಿದ ತಕ್ಷಣ ಎಸಿ ಹಾಕಿ ಕಿಟಕಿ ಮುಚ್ಚಬೇಡಿ. ಎರಡು ನಿಮಿಷ ಕಿಟಕಿ ಇಳಿಸಿ ಓಡಿಸಿ, ಒಳಗಿನ ಬಿಸಿ ಹೊರಹೋಗಲಿ. ಆಮೇಲೆ ಎಸಿ ಹಾಕಿ, ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ.

ಎರಡು ಮಾತು ಗಟ್ಟಿಯಾಗಿ ಹೇಳುತ್ತೇನೆ. ಐದೇ ನಿಮಿಷ ಅಂತ ಮಗುವನ್ನು ಮುಚ್ಚಿದ ಕಾರಿನಲ್ಲಿ ಬಿಟ್ಟು ಅಂಗಡಿಗೆ ಹೋಗಬೇಡಿ. ಎಂಜಿನ್ ಓಡಿಸಿಕೊಂಡು, ಎಸಿ ಹಾಕಿ, ಕಿಟಕಿ ಮುಚ್ಚಿ ಮಲಗಬೇಡಿ. ಸೈಲೆನ್ಸರಿನ ಹೊಗೆಯಲ್ಲಿ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಮಲಗಿದವರು ಏಳುವುದಿಲ್ಲ.

ಬ್ಯಾಟರಿ ಎಷ್ಟು ವರ್ಷ ಬರುತ್ತದೆ?

ಮೂರರಿಂದ ಐದು ವರ್ಷ. ಬಿಸಿಲಿಗೆ ಬ್ಯಾಟರಿ ಬೇಗ ಸೋಲುತ್ತದೆ. ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ ಅಂತ. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಹೂ ಕಟ್ಟಿದರೆ ಅಡುಗೆ ಸೋಡಾ ಕಲಸಿದ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಸ್ವಲ್ಪ ವ್ಯಾಸಲಿನ್ ಸವರಿ. ಕೈಗೆ ಗ್ಲೌಸ್ ಇರಲಿ.

ಬೇರೆ ಕಾರಿನಿಂದ ಕೇಬಲ್ ಹಾಕಿ ಚಾಲೂ ಮಾಡುವಾಗ ಸರದಿ ಮುಖ್ಯ. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆ ಬ್ಯಾಟರಿಯ ಮೈನಸ್‌ಗೆ. ಅದರ ಇನ್ನೊಂದು ತುದಿ ನಿಂತ ಕಾರಿನ ಬ್ಯಾಟರಿಗೆ ಅಲ್ಲ, ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ. ಬ್ಯಾಟರಿ ಹತ್ತಿರ ಕಿಡಿ ಹಾರಬಾರದು, ಅಲ್ಲಿ ಹೈಡ್ರೋಜನ್ ಇರುತ್ತದೆ.

ಎಥೆನಾಲ್ ಬೆರೆಸಿದ ಪೆಟ್ರೋಲ್ ಹಳೇ ಕಾರಿಗೆ ತೊಂದರೆಯಾ?

ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲಿನವರೆಗೆ ಎಥೆನಾಲ್. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳು ಅದಕ್ಕೆ ತಕ್ಕ ಹಾಗೆ ಬಂದಿವೆ. ಅದಕ್ಕಿಂತ ಹಳೆಯವು ಓಡುತ್ತವೆ, ಮೈಲೇಜ್ ಮಾತ್ರ ಸ್ವಲ್ಪ ಇಳಿಯುತ್ತದೆ. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಶಕ್ತಿ ಕಡಿಮೆ. ಹಳೇ ಕಾರಿನ ಪೆಟ್ರೋಲ್ ಪೈಪು, ರಬ್ಬರ್ ವಾಷರ್ ಪ್ರತಿ ಸರ್ವಿಸಿನಲ್ಲಿ ನೋಡಿಸಿ. ಎಥೆನಾಲ್ ನೀರು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಬಿಡಬೇಡಿ, ತುಂಬಿಸಿಡಿ.

ಡೀಸೆಲ್ ಕಾರಿನಲ್ಲಿ ಮೇಲಿಂದ ಮೇಲೆ ಡಿಪಿಎಫ್ ದೀಪ ಬರುತ್ತದೆ. ಯಾಕೆ?

2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಿತಿಯ ನಿಯಮ) ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಅದೇ ಡಿಪಿಎಫ್. ಅದು ಕಾದಾಗ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಹದಡಿ ರಸ್ತೆಯಿಂದ ಪಿ.ಬಿ. ರಸ್ತೆಗೆ, ಅಲ್ಲಿಂದ ಮನೆಗೆ ಅಂತ ಓಡಿಸಿದರೆ ಅದು ಕಾಯುವುದೇ ಇಲ್ಲ. ದೀಪ ಬಂದರೆ ಹೈವೇ ಹತ್ತಿ ಹರಿಹರದ ಕಡೆಗೋ ಆನಗೋಡು ಕಡೆಗೋ ಇಪ್ಪತ್ತು ನಿಮಿಷ ಒಂದೇ ಹದದಲ್ಲಿ ಓಡಿಸಿ. ಹೆಚ್ಚಿನ ಸಲ ಹೋಗುತ್ತದೆ. ನಿಮ್ಮ ಓಡಾಟವೆಲ್ಲ ಊರೊಳಗೇ ಆದರೆ ಪೆಟ್ರೋಲ್ ಕಾರೇ ಒಳ್ಳೆಯದು. ಕೊಳ್ಳುವ ಮೊದಲೇ ಯೋಚಿಸಿ.

ಕಂಪನಿ ಹೇಳಿದ ಮೈಲೇಜ್ ಬರುತ್ತಿಲ್ಲ. ಲೆಕ್ಕ ಹಾಕುವುದು ಹೇಗೆ?

ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. 300 ಕಿಲೋಮೀಟರ್ ಓಡಿದ ಮೇಲೆ ಮತ್ತೆ ಫುಲ್ ಮಾಡಿಸಿ. 20 ಲೀಟರ್ ಹಿಡಿಸಿದರೆ 15 ಮೈಲೇಜ್. ಮೂರು ಸಲ ಹೀಗೆ ಮಾಡಿ ಸರಾಸರಿ ತೆಗೆಯಿರಿ. ಒಂದು ಸಲದ ಲೆಕ್ಕ ನಂಬಬೇಡಿ. ಗಾಳಿ ಕಡಿಮೆ, ಏರ್ ಫಿಲ್ಟರ್ ಕಟ್ಟಿದ್ದು, ಕ್ಲಚ್ ಮೇಲೆ ಕಾಲಿಟ್ಟೇ ಓಡಿಸುವುದು, ಇವೇ ದೊಡ್ಡ ಕಳ್ಳರು.

ಮದುವೆ, ಜಾತ್ರೆ ಅಂದರೆ ಐದು ಸೀಟಿನಲ್ಲಿ ಎಂಟು ಜನ. ಹೇಗೂ ನಡೆಯುತ್ತೆ ಅಲ್ವಾ?

ನಡೆಯುವುದಿಲ್ಲ. ಇದನ್ನು ಹೇಳಿ ಹೇಳಿ ನಮ್ಮ ಅತ್ತಿಗೆಗೆ ನನ್ನ ಮೇಲೆ ಬೇಸರವೂ ಆಗಿದೆ. ಭಾರ ಹೆಚ್ಚಾದರೆ ಬ್ರೇಕ್ ಹಿಡಿಯಲು ಜಾಸ್ತಿ ದೂರ ಬೇಕು, ಹಿಂದಿನ ಟೈರು ಕಾಯುತ್ತದೆ. ಮುಖ್ಯವಾಗಿ, ಸೀಟಿಗಿಂತ ಜಾಸ್ತಿ ಇದ್ದವರಿಗೆ ಬೆಲ್ಟ್ ಇರುವುದಿಲ್ಲ. ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ. ಹಿಂದೆ ಬೆಲ್ಟ್ ಇಲ್ಲದೆ ಕೂತವರು ಡಿಕ್ಕಿಯಲ್ಲಿ ಮುಂದಿನವರ ಮೇಲೇ ಬೀಳುತ್ತಾರೆ.

ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಕೂರಿಸಿಕೊಳ್ಳಬೇಡಿ. ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದರೊಳಗೆ ಬಿಚ್ಚಿಕೊಳ್ಳುತ್ತದೆ. ನಿಮ್ಮನ್ನು ಉಳಿಸುವ ಅದೇ ಚೀಲ ನಡುವೆ ಇರುವ ಮಗುವಿಗೆ ಗುದ್ದುತ್ತದೆ. ಸಣ್ಣ ಮಕ್ಕಳಿಗೆ ಹಿಂದಿನ ಸೀಟಿನಲ್ಲಿ ಚೈಲ್ಡ್ ಸೀಟ್ ಹಾಕಿಸಿ. ಚಿನ್ನದ ಉಂಗುರಕ್ಕೆ ಕೊಡುವ ದುಡ್ಡಿಗಿಂತ ಎಷ್ಟೋ ಕಡಿಮೆ.

ಚಾವಣಿ ಮೇಲೆ ಸಾಮಾನು ಕಟ್ಟಿದ್ದರೆ ಚಿತ್ರದುರ್ಗದ ಗಾಳಿಯಂತ್ರಗಳ ಗುಡ್ಡದ ಹತ್ತಿರ ವೇಗ ಇಳಿಸಿ. ಸುಮ್ನೆ ಅಲ್ಲಿ ಗಾಳಿಯಂತ್ರ ನಿಲ್ಲಿಸಿಲ್ಲ. ಆಷಾಢದಲ್ಲಿ, ಲಾರಿಯ ಮರೆಯಿಂದ ಹೊರಬಂದ ತಕ್ಷಣ ಗಾಳಿ ಪಕ್ಕದಿಂದ ತಳ್ಳುತ್ತದೆ. ಸ್ಟೀರಿಂಗ್ ಎರಡೂ ಕೈಯಲ್ಲಿ ಹಿಡಿದಿರಿ.

ಹೈವೇಯಲ್ಲಿ ಕಾರು ಕೆಟ್ಟು ನಿಂತರೆ?

ಪೂರ್ತಿ ಎಡಕ್ಕೆ ತೆಗೆಯಿರಿ. ನಾಲ್ಕೂ ಇಂಡಿಕೇಟರ್ ಹಾಕಿ. ಎಲ್ಲರನ್ನೂ ಎಡಬಾಗಿಲಿನಿಂದ ಇಳಿಸಿ ತಡೆಕಂಬಿಯ ಆಚೆ ನಿಲ್ಲಿಸಿ. ಕಾರೊಳಗೆ ಕೂತು ಕಾಯುವುದು ಎಲ್ಲಕ್ಕಿಂತ ಅಪಾಯ. ಕೆಂಪು ತ್ರಿಕೋನವನ್ನು ಕಾರಿನಿಂದ ಐವತ್ತು ಮೀಟರಾದರೂ ಹಿಂದೆ ಇಡಿ. ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033, ಆಂಬುಲೆನ್ಸಿಗೆ 108. ಟೈರು ಬದಲಿಸುವುದಾದರೆ ಜಾಕಿ ಎತ್ತುವ ಮೊದಲೇ ನಟ್ ಸಡಿಲ ಮಾಡಿಕೊಳ್ಳಿ, ಬಿಗಿ ಮಾಡುವಾಗ ಎದುರುಬದುರು ಬಿಗಿ ಮಾಡಿ. ಟ್ರಾಫಿಕ್ ಪಕ್ಕದಲ್ಲೇ ಹರಿಯುತ್ತಿದ್ದರೆ ನೀವು ಬದಲಿಸಬೇಡಿ, ಸಹಾಯ ಕರೆಯಿರಿ.

ರಾತ್ರಿ ಕಬ್ಬು, ಹುಲ್ಲು ತುಂಬಿದ ಟ್ರ್ಯಾಕ್ಟರ್ ಹಿಂದೆ ದೀಪವೇ ಇರುವುದಿಲ್ಲ. ಹೆಡ್‌ಲೈಟ್ ಬೆಳಕು ಮುಟ್ಟುವಷ್ಟು ದೂರದಲ್ಲಿ ನಿಲ್ಲಿಸಲು ಆಗುವ ವೇಗ ಸಾಕು.

ಯಾವ ಯಾವ ದಾಖಲೆ ಬೇಕು? ಟೋಲ್ ಪಾಸ್ ಲಾಭವಾ?

ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್, ಲೈಸೆನ್ಸ್. ಡಿಜಿಲಾಕರ್ ಅಥವಾ ಎಂಪರಿವಾಹನ್ ಆಪ್‌ನಲ್ಲಿ ತೋರಿಸಿದರೂ ನಡೆಯುತ್ತದೆ. ಹೊಸ ಕಾರಿಗೆ ಮೊದಲ ವರ್ಷ ಹೊಗೆ ತಪಾಸಣೆ ಬೇಡ.

ಖಾಸಗಿ ಕಾರುಗಳಿಗೆ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ. 3,000 ರೂಪಾಯಿಗೆ ಶುರುವಾಯಿತು. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ಹೆಬ್ಬಾಳು ಟೋಲ್ ದಾಟಿ ವಾರವಾರ ಓಡಾಡುವವರಿಗೆ ಲಾಭ. ವರ್ಷಕ್ಕೆರಡು ಸಲ ಬೆಂಗಳೂರಿಗೆ ಹೋಗುವವರಿಗೆ ಬೇಡ.

ಮಗನಿಗೆ ಹದಿನಾರು. ಲೇಔಟಿನಲ್ಲಿ ಮಾತ್ರ ಓಡಿಸುತ್ತಾನೆ. ಪರವಾಗಿಲ್ವಾ?

ಕೊಡಬೇಡಿ. ಅಪಘಾತವಾಗದಿದ್ದರೂ, ಓಡಿಸಿ ಸಿಕ್ಕಿಬಿದ್ದರೆ ತಂದೆತಾಯಿಗೇ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಅಂತ ಕಾನೂನಿದೆ. ಕಾನೂನು ಬದಿಗಿರಲಿ. ಆ ಲೇಔಟಿನಲ್ಲಿ ಆಡುವ ಮಕ್ಕಳೂ ನಿಮ್ಮ ಮಗನಂಥವರೇ.

ಇಲಿ ವೈರ್ ಕಡಿಯುತ್ತದೆ. ಏನು ಮಾಡಲಿ?

ಭತ್ತದ ಗದ್ದೆ ಹತ್ತಿರದ ಬಡಾವಣೆಗಳಲ್ಲಿ ಕೊಯ್ಲಿನ ನಂತರ ಇದು ಜಾಸ್ತಿ. ಪುಡಿ, ಸ್ಪ್ರೇ ನಾಲ್ಕು ದಿನ. ಕಾರೊಳಗೆ ಕುರುಕಲು ತಿಂಡಿ ಉಳಿಯದಂತೆ ನೋಡಿ, ಕಸದ ಬುಟ್ಟಿ ಪಕ್ಕ ನಿಲ್ಲಿಸಬೇಡಿ, ಎರಡು ದಿನಕ್ಕೊಮ್ಮೆಯಾದರೂ ಓಡಿಸಿ. ಎಂಜಿನ್ ಕೆಳಗಿನ ತೂತುಗಳಿಗೆ ತಂತಿ ಬಲೆ ಹಾಕಿಸಿದ ಮೇಲೆ ನಮ್ಮ ಮನೆಯಲ್ಲಿ ನಿಂತಿತು.

ಆಯುಧಪೂಜೆಗೆ ಎಂಜಿನ್ ಪೂರ್ತಿ ನೀರು ಹಾಕಿ ತೊಳೆಸಬಹುದಾ?

ಜೋರು ನೀರು ಬೇಡ. ಈಗಿನ ಕಾರಿನ ಬಾನೆಟ್ ಒಳಗೆ ಸೆನ್ಸರ್, ಕನೆಕ್ಟರ್ ತುಂಬಾ ಇವೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಕುಂಕುಮ, ಅರಿಶಿನ ಗಾಜಿನ ಮೇಲೆ ಕಣ್ಣಿಗೆ ಅಡ್ಡ ಬರದಂತೆ ಹಚ್ಚಿ, ಬಣ್ಣದ ಮೇಲಿನದನ್ನು ಮರುದಿನವೇ ತೊಳೆಯಿರಿ. ಬಾಳೆಕಂದು ಹೆಡ್‌ಲೈಟ್, ನಂಬರ್ ಪ್ಲೇಟ್ ಮುಚ್ಚಬಾರದು. ಕುಂಬಳಕಾಯಿ ಒಡೆದ ಮೇಲೆ ಚೂರುಗಳನ್ನು ರಸ್ತೆಯಿಂದ ಎತ್ತಿಹಾಕಿ. ಅದರ ಮೇಲೆ ಬೈಕು ಜಾರಿ ಬಿದ್ದದ್ದನ್ನು ಪ್ರತಿ ವರ್ಷ ನೋಡುತ್ತೇನೆ.

ನನಗೆ ನಲವತ್ತು ದಾಟಿದೆ. ಈಗ ಡ್ರೈವಿಂಗ್ ಕಲಿಯಬಹುದಾ? ಭಯ ಆಗುತ್ತದೆ.

ಖಂಡಿತ ಕಲಿಯಿರಿ. ನಾನು ಕಲಿತದ್ದು ಮೂವತ್ತೆಂಟಕ್ಕೆ. ಮನೆಯವರಿಗೆ ಹುಷಾರಿಲ್ಲದೆ ರಾತ್ರಿ ಆಸ್ಪತ್ರೆಗೆ ಹೋಗಬೇಕಾದಾಗ ಕಾರು ಅಂಗಳದಲ್ಲೇ ಇತ್ತು, ಓಡಿಸುವವರು ಇರಲಿಲ್ಲ. ಮರುವಾರವೇ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಮೊದಲ ತಿಂಗಳು ಗೇರ್ ಹಾಕುವಾಗ ಕೈ ನಡುಗುತ್ತಿತ್ತು. ಭಾನುವಾರ ಬೆಳಿಗ್ಗೆ ಆರಕ್ಕೆ ಖಾಲಿ ರಸ್ತೆಯಲ್ಲಿ, ಪಕ್ಕದಲ್ಲಿ ಬೈಯದವರನ್ನು ಕೂರಿಸಿಕೊಂಡು ಅಭ್ಯಾಸ ಮಾಡಿ. ಗಂಡ, ಅಣ್ಣ ಕಲಿಸುವುದಕ್ಕಿಂತ ಹೊರಗಿನವರು ಕಲಿಸುವುದು ಒಳ್ಳೆಯದು ಅಂತ ನನ್ನ ಅನುಭವ. ಟೈರು ಬದಲಿಸುವುದನ್ನೂ ಆಗಲೇ ಕಲಿತುಬಿಡಿ.

ಹಳೇ ಕಾರು ಎಷ್ಟು ವರ್ಷ ಇಟ್ಟುಕೊಳ್ಳಬಹುದು? ಡೀಸೆಲ್ ಆದರೆ ಹತ್ತೇ ವರ್ಷ ಅಂತಾರೆ.

ಆ ಹತ್ತು ವರ್ಷದ ಮಾತು ದೆಹಲಿಯ ಸುತ್ತಮುತ್ತಲಿನದು. ನಮ್ಮಲ್ಲಿ ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ. ಆಮೇಲೆ ಆರ್‌ಟಿಒಗೆ ಕಾರು ತೋರಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ನಂಬರ್ ಕೆಎ 16 ಇರಲಿ, ಕೆಎ 17 ಇರಲಿ, ಅರ್ಜಿ ಹಾಕುವ ಮೊದಲು ಬಾಕಿ ಟ್ರಾಫಿಕ್ ದಂಡ ಇದೆಯಾ ಅಂತ ನೋಡಿ ಕಟ್ಟಿಬಿಡಿ. ಹೆಡ್‌ಲೈಟ್, ಹಾರ್ನ್, ವೈಪರ್, ಹ್ಯಾಂಡ್ ಬ್ರೇಕ್, ಸೀಟ್ ಬೆಲ್ಟ್ ಮೊದಲೇ ಸರಿ ಮಾಡಿಸಿಕೊಂಡು ಹೋಗಿ. ಇಲ್ಲದಿದ್ದರೆ ಎರಡು ಸಲ ಅಲೆಯಬೇಕಾಗುತ್ತದೆ.